ದೋಣಿ ಹಳೆಯದಾದರೂ ಎಂಜಿನ್ ಹೊಸದಿರಲಿ

ಮಿನೆಸೋಟದಲ್ಲಿ ಹತ್ತು ಎಕರೆಗೆ ಕಡಿಮೆಯಿಲ್ಲದ ಕೆರೆ-ಸರೋವರಗಳೇ 11,842 ಇವೆ. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥ ಕನ್ನಡ ಮನೆಗಳಲ್ಲೂ ಬೇಸಿಗೆ ಬಂತೆಂದರೆ ದೋಣಿಯ ಮಾತು ಏಳುತ್ತದೆ. ಈ ವರ್ಷ ಕೊಂಡೇಬಿಡೋಣ ಎಂದು ಹೊರಟಾಗ ಕೈಗೆಟುಕುವ ಬೆಲೆಯಲ್ಲಿ ಎರಡು ಅಲ್ಯೂಮಿನಿಯಂ ದೋಣಿಗಳು ಸಿಕ್ಕವು, ಎರಡೂ ಸೆಕೆಂಡ್ ಹ್ಯಾಂಡ್.

ಮೊದಲನೆಯದು 14 ಅಡಿ, ಚಪ್ಪಟೆ ತಳ, ಮೈಯೆಲ್ಲ ಫಳಫಳ. ಹಿಂದೆ 9.9 ಎಚ್‌ಪಿಯ ಹಳೇ ಟೂ-ಸ್ಟ್ರೋಕ್ ಎಂಜಿನ್. ಟ್ರೇಲರ್ ಸೇರಿ 3,800 ಡಾಲರ್. ಎರಡನೆಯದು 16 ಅಡಿ, ಚೂಪು ತಳ, ತೊಂಬತ್ತರ ದಶಕದ್ದು, ಬಣ್ಣ ಮಾಸಿದೆ. ಆದರೆ 25 ಎಚ್‌ಪಿಯ ಫೋರ್-ಸ್ಟ್ರೋಕ್ ಎಂಜಿನ್ ತೀರಾ ಇತ್ತೀಚಿನದು. ಅದಕ್ಕೆ 5,500.

ಇಂಥ ವ್ಯಾಪಾರದಲ್ಲಿ ನಾವು ದುಡ್ಡು ಕೊಡುವುದು ಮುಖ್ಯವಾಗಿ ಎಂಜಿನ್ನಿಗೆ. ಸಿಹಿನೀರಿನಲ್ಲಿ ಓಡಾಡುವ ಅಲ್ಯೂಮಿನಿಯಂ ಒಡಲು ದಶಕಗಟ್ಟಲೆ ಬಾಳುತ್ತದೆ, ಎಂಜಿನ್ ಹಾಗಲ್ಲ. 25 ಎಚ್‌ಪಿಯ ಹೊಸ ಎಂಜಿನ್ ಬೆಲೆ ವಿಚಾರಿಸಿದಾಗ 4,000 ಡಾಲರ್ ದಾಟಿತ್ತು. ಮೊದಲ ದೋಣಿಯ ಎಂಜಿನ್ ನಾಳೆ ಕೈಕೊಟ್ಟರೆ 1,700 ಡಾಲರಿನ ಉಳಿತಾಯ ಎಲ್ಲಿ ಉಳಿಯಿತು? ಆ ಎಂಜಿನ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನಾವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿಟ್ಟಿದ್ದರು. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆಂದು ನೋಡದೆ ದುಡ್ಡು ಎಣಿಸಬಾರದು.

ಅಷ್ಟರಲ್ಲಿ ನನ್ನಾಕೆ ಒಳಗಿನ ತಗಡಿನ ಫಲಕ ಓದಿದಳು. "ರೀ, ಇದರಲ್ಲಿ ಮೂರೇ ಜನ ಅಂತಿದೆ." ಇಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ, ಎಷ್ಟು ಎಚ್‌ಪಿ ಎಂದು ಬರೆದಿರುವುದು ಕಡ್ಡಾಯ. ನಾವು ನಾಲ್ವರು, ಬೇಸಿಗೆಗೆ ಕುಂದಾಪುರದಿಂದ ಅಮ್ಮ ಬಂದರೆ ಐವರು. ದೊಡ್ಡದರ ಫಲಕದಲ್ಲಿ ಐದು ಜನ ಎಂದಿತ್ತು.

ಚಪ್ಪಟೆ ತಳ ನಿಂತ ನೀರಿನಲ್ಲಿ ಅಲುಗಾಡದೆ ನಿಲ್ಲುತ್ತದೆ, ಗಾಳ ಹಾಕಲು ಹಿತ. ಚಿಕ್ಕ ಕೆರೆ, ಇಬ್ಬರೇ ಹೋಗುವವರು ಎಂದಾದರೆ ನಾನು ಅದನ್ನೇ ಹೇಳುತ್ತೇನೆ. ಆದರೆ ನಾವು ಹೋಗುವುದು ಮಿಲ್ ಲಾಕ್ಸ್ ಸರೋವರಕ್ಕೆ. ವಿಸ್ತಾರ 500 ಚದರ ಕಿಲೋಮೀಟರ್ ಮೀರಿದ್ದರೂ ಆಳ ಕಡಿಮೆ. ಅಂಥಲ್ಲಿ ಗಾಳಿ ಎದ್ದರೆ ಅಲೆಗಳು ಬೇಗ ಕಡಿದಾಗುತ್ತವೆ. ಮಕ್ಕಳನ್ನು ಕೂರಿಸಿಕೊಂಡು ದಡಕ್ಕೆ ಮರಳುವಾಗ ಅಲೆ ಸೀಳುವ ಮೂತಿ ಬೇಕು. ಈ ವಿಷಯದಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸಿಲ್ಲ.

ಹಳೆಯ ಒಡಲನ್ನು ಮಾತ್ರ ಚೆನ್ನಾಗಿ ಪರೀಕ್ಷಿಸಬೇಕು. ಟ್ರೇಲರಿನ ಮೇಲಿರುವಾಗಲೇ ದೋಣಿಯೊಳಗೆ ಸ್ವಲ್ಪ ನೀರು ಬಿಟ್ಟು ಅಡಿಯಿಂದ ನೋಡಿದರೆ ಯಾವ ರಿವೆಟ್ ಸೋರುತ್ತದೆಂದು ತಿಳಿಯುತ್ತದೆ. ಎಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ದೋಣಿಯ ಹಿಂಗೋಡೆ ಬಾಗಿದರೆ ಒಳಗಿನ ಪ್ಲೈವುಡ್ ಕೊಳೆತಿದೆ ಎಂದರ್ಥ. ಅದರ ರಿಪೇರಿ ದುಬಾರಿ, ಅಂಥದ್ದು ಬೇಡವೇ ಬೇಡ. ನಾವು ಆರಿಸಿದ ದೊಡ್ಡ ದೋಣಿಯ ಹಿಂಗೋಡೆ ಗಟ್ಟಿಯಿತ್ತು, ಕೆಲವು ರಿವೆಟ್‌ಗಳು ಜಿನುಗುತ್ತಿದ್ದವು. ಅದನ್ನೇ ತೋರಿಸಿ 300 ಡಾಲರ್ ಇಳಿಸಿದೆವು.

ಆ 300 ಟ್ರೇಲರಿನ ಟೈರು, ಬೇರಿಂಗು, ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳಿಗೆ ಹೋಯಿತು. ಇನ್ನು ನೋಂದಣಿ, ವಿಮೆಗಳಿಗೂ ತೆಗೆದಿಡಬೇಕು. ಕೆರೆಗಳು ಹೆಪ್ಪುಗಟ್ಟುವ ಮೊದಲು ಎಂಜಿನ್ ಎಣ್ಣೆ ಬದಲಾಯಿಸಿ, ಎಥನಾಲ್ ಬೆರೆತ ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿಡಬೇಕು. ಮನೆಯ ತಿಂಗಳ ಲೆಕ್ಕದಲ್ಲಿ ದೋಣಿಗೆಂದೇ 40 ಡಾಲರ್ ಬೇರೆ ಇಡುತ್ತಿದ್ದೇವೆ.