ಹಳೇ ಯೆಜ್ಡಿಗೆ ಬಲ ಹೆಚ್ಚಿಸುವುದು ಹೇಗೆ?

ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡಿರುವ ವಿಷಯ ಯೆಜ್ಡಿ ಮೋಟಾರ್ ಸೈಕಲ್. ಹಳೇ ಗಾಡಿಗೆ ಪವರ್ ಹೆಚ್ಚು ಮಾಡಬಹುದಾ? ಅದು ರಸ್ತೆ ಮೇಲೆ ಅಲುಗಾಡದೆ ಹೋಗೋ ಹಾಗೆ ಮಾಡಬಹುದಾ? ಬೇಸಿಗೆ ರಜೆಯಲ್ಲಿ ಗ್ಯಾರೇಜಿನಲ್ಲಿ ನೋಡಿ ಕಲಿತದ್ದನ್ನೂ, ನಮ್ಮ ಗಣಿತ ಪುಸ್ತಕದ ಲೆಕ್ಕವನ್ನೂ ಸೇರಿಸಿ ಬರೆದಿದ್ದೇನೆ.

ಯೆಜ್ಡಿ ನಮ್ಮ ಮೈಸೂರಿನದು

ಜಾವಾ ಎಂಬುದು ಆಗಿನ ಚೆಕೊಸ್ಲೊವಾಕಿಯ ದೇಶದ ಕಂಪನಿ. ಅದರ ಸಹಾಯದಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಮೊದಲು ಜಾವಾ ಎಂದು, 1970ರ ದಶಕದಿಂದ ಯೆಜ್ಡಿ ಎಂದು ಗಾಡಿಗಳು ಬಂದವು. ರೋಡ್‌ಕಿಂಗ್ ಎಂಬ ಮಾದರಿ 1978ರಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರಲ್ಲಿ ಹೊಸ ಗಾಡಿ ಬಂದಿವೆ, ಆದರೆ ಅವುಗಳ ಇಂಜಿನ್ ಬೇರೆ. ನಾನು ಹೇಳುತ್ತಿರುವುದು ಹಳೇದರ ಬಗ್ಗೆ.

ಇದರಲ್ಲಿ ಒಂದು ತಮಾಷೆ ಇದೆ. ಸೈಲೆನ್ಸರ್ ಎರಡು, ಆದರೆ ಸಿಲಿಂಡರ್ ಒಂದೇ! ಇನ್ನೊಂದು ತಮಾಷೆ, ಕಿಕ್ ಹೊಡೆಯೋ ಲಿವರೇ ಗೇರ್ ಲಿವರು.

ಇಂಜಿನ್ ಉಸಿರಾಡುವ ರೀತಿ

ಇದು ಟು ಸ್ಟ್ರೋಕ್ ಇಂಜಿನ್. ಪಿಸ್ಟನ್ ಮೇಲೆ ಹೋಗುವಾಗ ಮೇಲಿನ ಪೆಟ್ರೋಲ್ ಗಾಳಿಯನ್ನು ಒತ್ತುತ್ತದೆ, ಅದೇ ಹೊತ್ತಿಗೆ ಕೆಳಗಡೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಪ್ಲಗ್ ಕಿಡಿ ಕೊಟ್ಟಾಗ ಪಿಸ್ಟನ್ ಕೆಳಗೆ ಬರುತ್ತದೆ. ಬರುವಾಗ ಸಿಲಿಂಡರ್ ಗೋಡೆಯ ಕಿಂಡಿಗಳು ತೆರೆದುಕೊಂಡು ಸುಟ್ಟ ಹೊಗೆ ಆಚೆ ಹೋಗುತ್ತೆ, ಹೊಸದು ಒಳಗೆ ಬರುತ್ತೆ. ಹೀಗೆ ಪ್ರತಿ ಸುತ್ತಿಗೂ ಒಂದು ಹೊಡೆತ. ಫೋರ್ ಸ್ಟ್ರೋಕ್‌ನಲ್ಲಾದರೆ ಎರಡು ಸುತ್ತಿಗೆ ಒಂದು ಹೊಡೆತ.

ಆದ್ದರಿಂದ ಪವರ್ ಅಂದರೆ ಉಸಿರು. ಇಂಜಿನ್ ಚೆನ್ನಾಗಿ ಉಸಿರು ಎಳೆದು ಚೆನ್ನಾಗಿ ಬಿಡಬೇಕು. ನಾವು ಮೂಗು ಕಟ್ಟಿಕೊಂಡು ಕಬಡ್ಡಿ ಆಡೋಕಾಗುತ್ತಾ? ಹಾಗೇ ಇದೂ.

ಮೊದಲು ನಿಲ್ಲಬೇಕು

ನನ್ನ ಸೋದರಮಾವ ತಮ್ಮ ರೋಡ್‌ಕಿಂಗ್‌ನಲ್ಲಿ ದಿನಾ 40 ಲೀಟರಿನ ಎರಡು ಕ್ಯಾನ್ ಹಾಲನ್ನು ಡೈರಿಗೆ ಹಾಕುತ್ತಾರೆ. ದಿಬ್ಬ ಹತ್ತುವಾಗ ಗಾಡಿ ಏದುಸಿರು ಬಿಡುತ್ತಿತ್ತು. "ಮೇಸ್ತ್ರಿಗಳೇ, ಇದಕ್ಕೆ ಇನ್ನೊಂದಷ್ಟು ಪವರ್ ಬರೋ ಹಾಗೆ ಮಾಡ್ಕೊಡಿ" ಅಂತ ಮಾವ ಕೇಳಿದರು. ಗ್ಯಾರೇಜಿನ ಮೇಸ್ತ್ರಿ ತಾತ ಇಂಜಿನ್ ಮುಟ್ಟಲೇ ಇಲ್ಲ. ಬ್ರೇಕ್ ಒತ್ತಿ ನೋಡಿ, "ನಿಲ್ಸಕ್ಕಾಗದ ಗಾಡಿಗೆ ಓಡೋ ಶಕ್ತಿ ಯಾಕಪ್ಪಾ?" ಅಂದರು.

ಅವರು ಹೇಳಿದ್ದು ಲೆಕ್ಕಕ್ಕೂ ಸರಿಯಾಗಿದೆ. ವೇಗ ಒಂದೂವರೆ ಪಟ್ಟಾದರೆ ನಿಲ್ಲಲು ಬೇಕಾದ ದೂರ ಒಂದೂವರೆಯ ವರ್ಗದಷ್ಟು, ಅಂದರೆ 2.25 ಪಟ್ಟಾಗುತ್ತದೆ. ಒಂದು ಗಾಡಿ 40 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ 12 ಮೀಟರಿಗೆ ನಿಲ್ಲುತ್ತೆ ಅಂದುಕೊಳ್ಳಿ. 60ರಲ್ಲಿ ಅದಕ್ಕೆ 27 ಮೀಟರ್ ಬೇಕು. ದಿಬ್ಬದ ರಸ್ತೆ ಇಳಿದು ಬರುವುದು ಎಲ್ಲಿಗೆ? ನಮ್ಮ ಶಾಲೆ ಗೇಟಿನ ಮುಂದಕ್ಕೆ! ಗೇಟಿನಿಂದ 27 ಮೀಟರ್ ನಾನು ಅಳೆದು ನೋಡಿದೆ, ಬಾವುಟದ ಕಂಬ ದಾಟಿ ಹೋಗುತ್ತೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ ಬೇಕು.

ಆದ್ದರಿಂದ ಮೊದಲ ವಾರ ಆದ ಕೆಲಸಗಳು ಇವು:
1. ಹಿಂದೆ ಮುಂದೆ ಎರಡೂ ಡ್ರಮ್ಮಿಗೆ ಹೊಸ ಬ್ರೇಕ್ ಲೈನರ್, ಮುಂದಕ್ಕೆ ಹೊಸ ಕೇಬಲ್.
2. ಸವೆದ ಟೈರ್ ತೆಗೆದು ಹೊಸದು. ಸ್ಪೋಕ್ ಬಿಗಿ ಮಾಡಿ ಚಕ್ರದ ಔಟ್ ತೆಗೆದದ್ದು.
3. ಮುಂದಿನ ಫೋರ್ಕಿಗೆ ಹೊಸ ಆಯಿಲ್. ಹ್ಯಾಂಡಲ್ ಕೆಳಗಿನ ಬೇರಿಂಗ್ ಬದಲಾವಣೆ.
4. ಹಿಂದಿನ ಚಕ್ರ ಹಿಡಿದಿರುವ ಕಬ್ಬಿಣದ ತೋಳಿಗೆ ಹೊಸ ಬುಷ್. ಇದು ಸವೆದಿದ್ದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಎಮ್ಮೆ ಬಾಲದ ಹಾಗೆ ಆಡುತ್ತೆ.

ಇಷ್ಟು ಮಾಡಿದ್ದಕ್ಕೇ ಗಾಡಿ ನೆಟ್ಟಗೆ ಹೋಗತೊಡಗಿತು.

ಕಳೆದುಹೋದ ಬಲ ವಾಪಸ್

ಟು ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಬೇಕು. ಆಯಿಲ್ ಸುಟ್ಟು ಮಸಿಯಾಗಿ ಕಿಂಡಿಯಲ್ಲಿ, ಸೈಲೆನ್ಸರಿನಲ್ಲಿ ಕೂರುತ್ತದೆ. ಅದನ್ನು ಕೆರೆದು ತೆಗೆದರೆ ಇಂಜಿನ್ ಮತ್ತೆ ಉಸಿರಾಡುತ್ತದೆ.

ನಮ್ಮೂರಲ್ಲಿ ಎಲ್ಲರೂ "ಬೋರ್ ಮಾಡಿಸಿದರೆ ಪವರ್ ಡಬಲ್" ಅನ್ನುತ್ತಾರೆ. ಬನ್ನಿ, ಲೆಕ್ಕ ಮಾಡೋಣ. ಯೆಜ್ಡಿ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಓಡುವ ದೂರ 75 ಮಿ.ಮೀ.
22/7 × 3.25 × 3.25 × 7.5 = ಸುಮಾರು 249 ಘನ ಸೆಂ.ಮೀ. ಅದಕ್ಕೇ 250 ಸಿಸಿ ಅನ್ನೋದು.
ಅರ್ಧ ಮಿ.ಮೀ. ಬೋರ್ ಮಾಡಿಸಿದರೆ:
22/7 × 3.275 × 3.275 × 7.5 = ಸುಮಾರು 253.
ಹೆಚ್ಚಾದದ್ದು ಬರೀ 4 ಸಿಸಿ. ನೂರಕ್ಕೆ ಎರಡೂ ಇಲ್ಲ! ಹಾಗಾದರೆ ಬೋರ್ ಯಾಕೆ ಮಾಡಿಸಬೇಕು? ಸಿಲಿಂಡರ್ ಸವೆದಾಗ ಪಿಸ್ಟನ್ ಪಕ್ಕದಿಂದ ಒತ್ತಡ ಸೋರಿಹೋಗುತ್ತೆ. ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿದರೆ ಸೋರಿಕೆ ನಿಲ್ಲುತ್ತೆ. ಸಿಗುವುದು ಹೊಸ ಬಲ ಅಲ್ಲ, ಹಳೇ ಬಲವೇ.

ಭಾರ ಮತ್ತು ಹಲ್ಲು

ಗಾಡಿ ಸುಮಾರು 140 ಕೆ.ಜಿ., ಹಾಲು ಮತ್ತು ಕ್ಯಾನು 90, ಮಾವ 70. ಒಟ್ಟು 300 ಕೆ.ಜಿ. ಹಳೇ ಕ್ಯಾನ್ ಸ್ಟ್ಯಾಂಡ್ ದಪ್ಪ ಕಬ್ಬಿಣದ್ದು. ಅದರ ಬದಲು ಪೈಪಿನ ಸ್ಟ್ಯಾಂಡ್ ಮಾಡಿಸಿದ್ದರಿಂದ 10 ಕೆ.ಜಿ. ಕಡಿಮೆಯಾಯಿತು. ಅಂದರೆ ನೂರಕ್ಕೆ 3ಕ್ಕಿಂತ ಹೆಚ್ಚು. ಬೋರಿನ 4 ಸಿಸಿಗಿಂತ ಇದೇ ಲಾಭ! ಕ್ಯಾನುಗಳನ್ನು ಒಂದು ಗೇಣು ಕೆಳಗೆ ಕೂರಿಸಿದ್ದರಿಂದ ತಿರುವಿನಲ್ಲಿ ತೊನೆದಾಟವೂ ಕಡಿಮೆಯಾಯಿತು.

ಇನ್ನು ಚೈನ್ ಸ್ಪ್ರಾಕೆಟ್. ಲೆಕ್ಕ ಸುಲಭವಾಗಲಿ ಅಂತ ಮುಂದೆ 15 ಹಲ್ಲು, ಹಿಂದೆ 45 ಹಲ್ಲು ಇಟ್ಟುಕೊಳ್ಳಿ. ಮುಂದಿನದು 3 ಸುತ್ತಿದರೆ ಹಿಂದಿನದು 1. ಮುಂದೆ 14 ಹಲ್ಲಿನದು ಹಾಕಿದರೆ ಎಳೆತ ನೂರಕ್ಕೆ ಸುಮಾರು 7 ಹೆಚ್ಚುತ್ತೆ, ವೇಗ ಸುಮಾರು ಅಷ್ಟೇ ಕಡಿಮೆಯಾಗುತ್ತೆ. ದಿಬ್ಬಕ್ಕೆ ಬೇಕಾದ್ದು ಎಳೆತ, ವೇಗ ಅಲ್ಲ. ಮಾವನ ಗಾಡಿಗೂ ಮುಂದಿನ ಹಲ್ಲು ಒಂದು ಕಡಿಮೆ ಮಾಡಿದರು.

ಸೈಲೆನ್ಸರ್ ಬಿಚ್ಚಿದರೆ?

ಕೆಲವು ಅಣ್ಣಂದಿರು ಸೈಲೆನ್ಸರ್ ಒಳಗಿನ ಕೊಳವೆ ಕಿತ್ತುಹಾಕಿ 'ಡಬ ಡಬ' ಅನ್ನಿಸುತ್ತಾರೆ. ಸದ್ದು ಬೇರೆ, ಪವರ್ ಬೇರೆ. ಟು ಸ್ಟ್ರೋಕ್‌ನಲ್ಲಿ ಹೊಗೆ ಆಚೆ ಹೋಗುವಾಗ ಹೊಸ ಪೆಟ್ರೋಲ್ ಗಾಳಿಯೂ ಅದರ ಹಿಂದೆಯೇ ಓಡುತ್ತೆ. ಸರಿಯಾದ ಆಕಾರದ ಕೊಳವೆಯಿದ್ದರೆ ಒತ್ತಡದ ಅಲೆ ವಾಪಸ್ ಬಂದು ಅದನ್ನು ಒಳಗೆ ತಳ್ಳುತ್ತೆ. ಪೂರ್ವ ಜರ್ಮನಿಯ ಎಂ.ಜೆಡ್. ಕಂಪನಿಯ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರ್ 1950ರ ದಶಕದಲ್ಲಿ ಈ ವಿದ್ಯೆಯನ್ನು ಬೆಳೆಸಿದರು. 1961ರಲ್ಲಿ ಅವರ 125 ಸಿಸಿ ರೇಸ್ ಇಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಅದರ ಎರಡು ಪಟ್ಟು ದೊಡ್ಡದಾದ ನಮ್ಮ ರೋಡ್‌ಕಿಂಗ್‌ನದು ಸುಮಾರು 16! ಆದರೆ ಅದು ನಿಮಿಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಸುತ್ತು ತಿರುಗಿದಾಗ ಮಾತ್ರ. ಹಾಲಿನ ಗಾಡಿಗೆ ಅದು ಒಗ್ಗಲ್ಲ.

ಏರ್ ಫಿಲ್ಟರ್ ತೆಗೆದು ಓಡಿಸಿದರೂ ಅಪಾಯ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ವಿಪರೀತ ಕಾದು ಸೀಜ್ ಆಗುತ್ತೆ. ಪ್ಲಗ್ ಬಿಚ್ಚಿ ನೋಡಿದರೆ ಗೊತ್ತಾಗುತ್ತೆ. ಕಾಫಿ ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪಾಗಿ ಒದ್ದೆಯಿದ್ದರೆ ಹೆಚ್ಚಾಗಿದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್.ಸಿ.ಯಲ್ಲಿರುವ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬಾರದು. ದೊಡ್ಡ ಇಂಜಿನ್ ಕೂರಿಸುವುದೆಲ್ಲ ನಮಗೆ ನಾವೇ ಮಾಡಿಕೊಳ್ಳುವ ಕೆಲಸವಲ್ಲ. ಇನ್ನು ಗೇರ್ ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಸ್ಪ್ಯಾನರ್ ಇದ್ದರೆ ಸಾಕು!

ನೆನಪಿಡಿ: ಮೊದಲು ಬ್ರೇಕ್, ಆಮೇಲೆ ಚಕ್ರ, ಆಮೇಲೆ ಭಾರ, ಕೊನೆಗೆ ಇಂಜಿನ್. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಗಾಡಿಗೆ ಬ್ರೇಕೇ ಹಾಸಿಗೆ, ಪವರ್ರೇ ಕಾಲು.

ಉತ್ತರ ಹೇಳಿ:
1. ಒಂದು ಮಿ.ಮೀ. ಬೋರ್ ಮಾಡಿಸಿದರೆ ಎಷ್ಟು ಸಿಸಿ ಆಗುತ್ತದೆ?
2. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಎಷ್ಟು ಪಟ್ಟಾಗುತ್ತದೆ?
3. ನಿಮ್ಮ ಮನೆ ಸೈಕಲ್ಲಿನ ಮುಂದಿನ, ಹಿಂದಿನ ಹಲ್ಲು ಎಷ್ಟು? ಎಣಿಸಿ ಬನ್ನಿ.

— ಏಳನೇ ತರಗತಿ