ಮೈಕಾಸುರನನ್ನು ಪಳಗಿಸುವ ಬಗೆ: ಹಾಡುಗಾರಿಕೆಗೆ ತಕ್ಕ ಮೈಕಿನ ಆಯ್ಕೆ

ನಮ್ಮ ದೇವಸ್ಥಾನದ ಸಭಾಂಗಣದಲ್ಲಿ ಗಣೇಶನ ಹಬ್ಬದಿಂದ ಹಿಡಿದು ಪುರಂದರದಾಸರ ಆರಾಧನೆಯವರೆಗೆ ಹಾಡಿಲ್ಲದ ತಿಂಗಳಿಲ್ಲ. ಹಾಡುವವರಲ್ಲಿ ಐದು ವರ್ಷದ ಪುಟಾಣಿಗಳಿದ್ದಾರೆ, ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಅಜ್ಜ-ಅಜ್ಜಿಯರಿದ್ದಾರೆ, ವಾರವಿಡೀ ಆಫೀಸಿನಲ್ಲಿ ದುಡಿದು ಶನಿವಾರ ಭಜನೆಗೆ ಬರುವ ನಮ್ಮಂಥವರೂ ಇದ್ದಾರೆ. ಇವರೆಲ್ಲರ ದನಿ ಕೊನೆಯ ಸಾಲಿಗೆ ತಲುಪಬೇಕಾದರೆ ಮೊದಲು ದಾಟಬೇಕಾದ ಬಾಗಿಲು ಮೈಕ್. ಅಲ್ಲೇ ಮಾತು ಮುಗ್ಗರಿಸಿದರೆ ಮುಂದೆ ಎಷ್ಟು ದೊಡ್ಡ ಸ್ಪೀಕರ್ ಇಟ್ಟರೂ ಮುಗ್ಗರಿಸಿದ ಮಾತೇ ದೊಡ್ಡದಾಗಿ ಕೇಳಿಸುತ್ತದೆ. ಬಿತ್ತಿದಂತೆ ಬೆಳೆ ಎನ್ನುವುದು ಇಲ್ಲಿಯೂ ನಿಜ.

ನಾವು ಇಲ್ಲಿ ದಾಸರ ಪದಗಳನ್ನು ಹಾಡುವುದು ರಾಗಕ್ಕಾಗಿ ಮಾತ್ರವಲ್ಲ. ಈ ದೇಶದಲ್ಲೇ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಒಳ್ಳೆಯ ಕನ್ನಡ ಬೀಳುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು. ರಾಗ ಕೇಳಿಸಿ ಸಾಹಿತ್ಯ ಕೇಳಿಸದಿದ್ದರೆ ಅರ್ಧ ಪ್ರಸಾದ ಹಂಚಿದ ಹಾಗೆ. ಮೈಕ್ ಕಿರುಚುತ್ತದೆಂದು ವಾಲ್ಯೂಮ್ ತಗ್ಗಿಸಿದರೆ ಹಿಂದೆ ಕುಳಿತ ಹಿರಿಯರಿಗೆ ಏನೂ ಕೇಳಿಸದು. "ಇನ್ನೂ ಜೋರಾಗಿ ಹಾಡು ಪುಟ್ಟಾ" ಎಂದರೆ ಮಗುವಿನ ಗಂಟಲು ಬಿಗಿಯುತ್ತದೆ, ಶ್ರುತಿ ಜಾರುತ್ತದೆ, ಮುಂದಿನ ಸಲ ವೇದಿಕೆ ಎಂದರೆ ಅದು ಹಿಂಜರಿಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಹಾಡಲು ಯಾವ ಬಗೆಯ ಮೈಕ್ ಒಳ್ಳೆಯದು, ಏಕೆ ಒಳ್ಳೆಯದು, ಅದನ್ನು ಹೇಗೆ ಪರೀಕ್ಷಿಸಿ ಕೊಳ್ಳಬೇಕು ಎಂಬುದನ್ನು ನೋಡೋಣ. ಇಂಜಿನಿಯರಿಂಗ್ ಓದದವರಿಗೂ ತಿಳಿಯುವಂತೆ ಹೇಳುವ ಪ್ರಯತ್ನ ನಮ್ಮದು.

ಡೈನಾಮಿಕ್ ಮೈಕ್ ಎಂದರೇನು?

ಅಯಸ್ಕಾಂತದ ಬಳಿ ತಂತಿಯ ಸುರುಳಿ ಅಲುಗಾಡಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವಿದು, ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇ. ಡೈನಾಮಿಕ್ ಮೈಕಿನ ಒಳಗಿರುವುದು ಮುಖ್ಯವಾಗಿ ಮೂರು ವಸ್ತು: ತೆಳುವಾದ ಪೊರೆ, ಅದಕ್ಕೆ ಅಂಟಿಸಿದ ತಂತಿಯ ಸುರುಳಿ, ಸುತ್ತ ಒಂದು ಅಯಸ್ಕಾಂತ. ನಮ್ಮ ದನಿ ಪೊರೆಯನ್ನು ನಡುಗಿಸುತ್ತದೆ, ಪೊರೆಯೊಡನೆ ಸುರುಳಿಯೂ ನಡುಗುತ್ತದೆ, ಆ ನಡುಕವೇ ವಿದ್ಯುತ್ತಾಗಿ ವೈರಿನಲ್ಲಿ ಹರಿಯುತ್ತದೆ. ಸ್ಪೀಕರಿನಲ್ಲಿ ನಡೆಯುವುದೂ ಇದೇ ಕೆಲಸ, ತಿರುಗುಮುರುಗಾಗಿ.

ಇನ್ನೊಂದು ಬಗೆ ಕಂಡೆನ್ಸರ್ ಮೈಕ್. ಅದರ ಪೊರೆಗೆ ಸುರುಳಿಯ ಭಾರವಿಲ್ಲ, ಆದ್ದರಿಂದ ಹೆಚ್ಚು ಸೂಕ್ಷ್ಮ. ಆದರೆ ಅದಕ್ಕೆ ಹೊರಗಿನಿಂದ ವಿದ್ಯುತ್ ಬೇಕು. ಸಾಮಾನ್ಯವಾಗಿ ಮಿಕ್ಸರ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಇದಕ್ಕೆ ಬಳಕೆ. ಕಂಡೆನ್ಸರ್ ಮೈಕ್ ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ ಎಂದು ಹಲವರು ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಸುತ್ತಲಿನ ಸದ್ದು ಎಷ್ಟು ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಮೈಕ್ ಕೇಳುವ ದಿಕ್ಕು ಮತ್ತು ಬಾಯಿಯಿಂದ ಅದಕ್ಕಿರುವ ದೂರ. ಹಾಗಿದ್ದರೂ ನಮ್ಮಂಥ ಸಭಾಂಗಣಕ್ಕೆ ಡೈನಾಮಿಕ್ ಮೈಕೇ ಸರಿ ಎನ್ನಲು ಬೇರೆ ಕಾರಣಗಳಿವೆ. ಮಕ್ಕಳ ಕೈಯಿಂದ ಜಾರಿ ಬಿದ್ದರೂ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಬಾಯಿಯ ತೇವಕ್ಕೆ ಬೇಗ ಹೆದರುವುದಿಲ್ಲ. ಬ್ಯಾಟರಿಯಾಗಲಿ ಫ್ಯಾಂಟಮ್ ಪವರ್ ಆಗಲಿ ಬೇಡ. ಪ್ರತಿ ಸಲವೂ ಬೇರೆ ಬೇರೆ ಸ್ವಯಂಸೇವಕರು ಮಿಕ್ಸರ್ ಮುಂದೆ ಕೂರುವ ಕಡೆ ಇದು ಸಣ್ಣ ಅನುಕೂಲವಲ್ಲ.

ಮೈಕಿಗೂ ಒಂದು ದಿಕ್ಕುಂಟು

ಮೈಕ್ ಕಿರುಚುವುದೇಕೆ? ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೇ ಬಿದ್ದು, ಅದು ಇನ್ನಷ್ಟು ದೊಡ್ಡದಾಗಿ ಹೊರಬಂದು, ಮತ್ತೆ ಮೈಕಿಗೆ ಬಿದ್ದು ಹೀಗೆ ಸುತ್ತುತ್ತಾ ಹೋಗುತ್ತದೆ. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಇದನ್ನು ತಡೆಯಲು ಎದುರಿನ ದನಿಯನ್ನು ಚೆನ್ನಾಗಿ ಕೇಳಿ, ಉಳಿದ ಕಡೆಯಿಂದ ಬಂದದ್ದಕ್ಕೆ ಕಿವುಡಾಗುವ ಮೈಕ್ ಬೇಕು. ಮಾರುಕಟ್ಟೆಯಲ್ಲಿ ಮೂರು ಬಗೆ ಸಿಗುತ್ತವೆ.

ಕಾರ್ಡಿಯಾಯ್ಡ್: ಹೃದಯದ ಆಕಾರದಲ್ಲಿ ಕೇಳುತ್ತದೆ. ನೇರ ಹಿಂಬದಿಗೆ ಅತಿ ಕಿವುಡು. ಪಕ್ಕದಿಂದ ಬರುವ ಸದ್ದು 6 ಡೆಸಿಬೆಲ್ ತಗ್ಗುತ್ತದೆ.

ಸೂಪರ್ ಕಾರ್ಡಿಯಾಯ್ಡ್: ಇನ್ನೂ ಕಿರಿದು. ಪಕ್ಕದ ಸದ್ದು ಸುಮಾರು 9 ಡೆಸಿಬೆಲ್ ತಗ್ಗುತ್ತದೆ. ಆದರೆ ನೇರ ಹಿಂಬದಿಯಿಂದ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಇದರ ಅತಿ ಕಿವುಡು ಜಾಗ ಎದುರಿನಿಂದ ಅಳೆದರೆ ಸುಮಾರು 126 ಡಿಗ್ರಿ.

ಹೈಪರ್ ಕಾರ್ಡಿಯಾಯ್ಡ್: ಪಕ್ಕಕ್ಕೆ ಸುಮಾರು 12 ಡೆಸಿಬೆಲ್ ತಗ್ಗು, ಕಿವುಡು ಜಾಗ ಸುಮಾರು 110 ಡಿಗ್ರಿ. ಹಿಂಬದಿಯ ಸದ್ದು ಇನ್ನೂ ಹೆಚ್ಚು ಬೀಳುತ್ತದೆ.

ಹಾಡುಗಾರರ ಮುಂದೆ ನೆಲದ ಮೇಲಿಡುವ ಮಾನಿಟರ್ ಸ್ಪೀಕರ್ ಎಲ್ಲಿರಬೇಕು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಕಾರ್ಡಿಯಾಯ್ಡ್ ಆದರೆ ಮೈಕಿನ ಬಾಲ ತೋರಿಸುವ ಕಡೆಗೆ ಇಡಬೇಕು. ಸೂಪರ್ ಅಥವಾ ಹೈಪರ್ ಆದರೆ ಬಾಲದ ನೇರಕ್ಕಲ್ಲ, ಎಡಕ್ಕೋ ಬಲಕ್ಕೋ ಓರೆಯಾಗಿ ಇಡಬೇಕು. ದುಬಾರಿ ಸೂಪರ್ ಕಾರ್ಡಿಯಾಯ್ಡ್ ತಂದು ಮಾನಿಟರನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಮೊದಲಿಗಿಂತ ಬೇಗ ಕಿರುಚಿದರೂ ಆಶ್ಚರ್ಯವಿಲ್ಲ. ದೊಡ್ಡ ಸ್ಪೀಕರುಗಳಂತೂ ಯಾವ ಮೈಕ್ ಆದರೂ ಹಾಡುವವರಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿರಬೇಕು.

ಕಿರಿದಾದ ಮೈಕಿಗೆ ಇನ್ನೊಂದು ತೊಡಕಿದೆ. ತಲೆ ಅತ್ತಿತ್ತ ಆಡಿಸಿದರೆ ದನಿ ಜಾರಿಹೋಗುತ್ತದೆ. ಪಳಗಿದ ಗಾಯಕರಿಗೆ ಇದು ತೊಂದರೆಯಲ್ಲ. ಅಮ್ಮ ಎಲ್ಲಿದ್ದಾಳೆಂದು ಸುತ್ತ ನೋಡುತ್ತಾ ಹಾಡುವ ಮಗುವಿಗೆ, ತಾಳ ಹಾಕುತ್ತಾ ತಲೆದೂಗುವ ಭಜನೆಯವರಿಗೆ ಸಾದಾ ಕಾರ್ಡಿಯಾಯ್ಡೇ ಮೇಲು.

ದೂರವೇ ದೊಡ್ಡ ಗುಂಡಿ

ಮಿಕ್ಸರಿನಲ್ಲಿರುವ ಎಲ್ಲ ಗುಂಡಿಗಳಿಗಿಂತ ದೊಡ್ಡ ಗುಂಡಿ ಬಾಯಿಗೂ ಮೈಕಿಗೂ ನಡುವಿನ ಅಂತರ. ದೂರ ಅರ್ಧವಾದಾಗಲೆಲ್ಲ ಮೈಕಿಗೆ ಬೀಳುವ ದನಿ 6 ಡೆಸಿಬೆಲ್ ಏರುತ್ತದೆ. ಎರಡು ಗೇಣು ದೂರದಲ್ಲಿದ್ದ ಮೈಕನ್ನು ಅರ್ಧ ಗೇಣಿಗೆ ತಂದರೆ 12 ಡೆಸಿಬೆಲ್ ಏರಿದಂತಾಯಿತು. ಇಷ್ಟೇ ಏರಿಕೆಯನ್ನು ಆಂಪ್ಲಿಫೈಯರಿನಿಂದ ಪಡೆಯಬೇಕಾದರೆ ಸುಮಾರು 16 ಪಟ್ಟು ಶಕ್ತಿ ಬೇಕು, ಮೇಲೆ ಕಿರುಚಾಟ ಬೇರೆ. ಮೈಕ್ ಹತ್ತಿರ ತರುವುದಕ್ಕೆ ಖರ್ಚಿಲ್ಲ.

ಹತ್ತಿರ ತಂದಾಗ ಎರಡು ಸಂಗತಿ ನೆನಪಿರಲಿ. ದಿಕ್ಕುಳ್ಳ ಮೈಕುಗಳಲ್ಲಿ ಬಾಯಿ ಸಮೀಪವಾದಷ್ಟೂ ತಗ್ಗು ಸ್ವರಗಳು ಉಬ್ಬುತ್ತವೆ. ಗಂಡಸರ ದನಿ ಬಿಂದಿಗೆಯೊಳಗಿಂದ ಬಂದಂತೆ ಗುಂಯ್‌ಗುಟ್ಟಿ ಅಕ್ಷರಗಳು ಮುಚ್ಚಿಹೋಗುತ್ತವೆ. ಇದಕ್ಕೆ ಮಿಕ್ಸರಿನಲ್ಲಿ ಲೋ ಕಟ್ ಎಂಬ ಗುಂಡಿಯಿರುತ್ತದೆ, ಸಾಮಾನ್ಯವಾಗಿ 80 ಅಥವಾ 100 ಹರ್ಟ್ಸ್‌ನಲ್ಲಿ. ಷಡ್ಜ 131 ಹರ್ಟ್ಸ್ ಇರುವ ಶ್ರುತಿಯಲ್ಲಿ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಆದ್ದರಿಂದ 80ರಲ್ಲಿ ಕತ್ತರಿಸಿದರೆ ಹಾಡಿಗೆ ನಷ್ಟವಿಲ್ಲ, ವೇದಿಕೆಯ ಧಡಬಡ ಮಾತ್ರ ತಗ್ಗುತ್ತದೆ.

ಎರಡನೆಯದು ಉಸಿರು. ಪ, ಫ, ಬ, ಭ ಅಕ್ಷರಗಳಲ್ಲಿ ತುಟಿ ಬಿಚ್ಚಿದಾಗ ಗಾಳಿ ಸಿಡಿದು ಮೈಕಿಗೆ ಬಡಿಯುತ್ತದೆ. ಪಾಂಡುರಂಗ, ಭಜನೆ, ಫಲ ಮುಂತಾದ ಮಾತುಗಳು ಬಂದಾಗಲೆಲ್ಲ 'ಧಪ್' ಎನ್ನುವುದು ಇದರಿಂದಲೇ. ಮೈಕನ್ನು ತುಟಿಯ ನೇರಕ್ಕೆ ಹಿಡಿಯದೆ ಬಾಯಿಯ ಅಂಚಿನ ಕಡೆಯಿಂದ ಓರೆಯಾಗಿ ಹಿಡಿದರೆ ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ. ಮೇಲೊಂದು ಸ್ಪಂಜಿನ ಟೋಪಿ ಹಾಕಿದರೆ ಇನ್ನೂ ಒಳ್ಳೆಯದು. ಮಹಾಪ್ರಾಣವನ್ನು ನುಂಗಬೇಡಿ, ಮೈಕನ್ನು ಓರೆ ಮಾಡಿ.

ಕೊಳ್ಳುವಾಗ ನೋಡಬೇಕಾದ್ದು

ಶ್ಯೂರ್ ಕಂಪನಿಯ ಎಸ್‌ಎಂ 58 ಎಂಬ ಮೈಕ್ 1966ರಲ್ಲಿ ಬಂತು, ಇಂದಿಗೂ ಮಾರಾಟದಲ್ಲಿದೆ. ಕಾರ್ಡಿಯಾಯ್ಡ್ ಬಗೆಯದು, 50ರಿಂದ 15,000 ಹರ್ಟ್ಸ್‌ವರೆಗೆ ಕೇಳುತ್ತದೆ, ಬೆಲೆ ಅಮೆರಿಕದಲ್ಲಿ ನೂರು ಡಾಲರಿನ ಆಸುಪಾಸು. ಇದು ತಗ್ಗು ಸ್ವರಗಳನ್ನು ಸ್ವಲ್ಪ ಕಡಿಮೆ ಮಾಡಿ, ವ್ಯಂಜನಗಳು ಸ್ಪಷ್ಟವಾಗುವ ಭಾಗವನ್ನು ಸ್ವಲ್ಪ ಎತ್ತಿಕೊಡುತ್ತದೆ. ಸೆನ್‌ಹೈಸರ್ ಕಂಪನಿಯ ಇ 835 ಇದೇ ಪಂಗಡದ್ದು. ಸೂಪರ್ ಕಾರ್ಡಿಯಾಯ್ಡ್ ಬೇಕಾದವರಿಗೆ ಶ್ಯೂರ್ ಬೀಟಾ 58ಎ, ಸೆನ್‌ಹೈಸರ್ ಇ 845 ಇವೆ. ಹೆಸರು ಯಾವುದಾದರೂ ಇರಲಿ, ಈ ನಾಲ್ಕನ್ನು ಗಮನಿಸಿ.

1. ವೈರ್ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಆಗಿರಲಿ. ಉದ್ದ ವೈರ್ ಎಳೆದರೂ ಗುಯ್‌ಗುಡುವುದು ಕಡಿಮೆ. ಕ್ಯಾರಿಯೋಕಿ ಮೈಕಿನ ದಪ್ಪ ಜ್ಯಾಕ್ ವೈರ್ ದೂರಕ್ಕೆ ಒಗ್ಗದು.

2. ಆನ್-ಆಫ್ ಸ್ವಿಚ್ ಇಲ್ಲದ ಮಾದರಿಯನ್ನೇ ಆರಿಸಿ. ಆಫ್ ಆಗಿರುವ ಮೈಕಿನಲ್ಲಿ ಮಗು ಒಂದು ಚರಣ ಹಾಡಿ ಮುಗಿಸುವುದು ತಪ್ಪುತ್ತದೆ.

3. ಅಧಿಕೃತ ಅಂಗಡಿಯಲ್ಲೇ ಕೊಳ್ಳಿ. ಹೆಸರಾಂತ ಮೈಕುಗಳ ನಕಲಿಗಳು ಬಹಳ. ಅರ್ಧ ಬೆಲೆಗೆ ಹೊಸದು ಸಿಕ್ಕಿತೆಂದರೆ ಅನುಮಾನ ಪಡಿ.

4. ಬೀರುವಿನಲ್ಲಿ ಹಳೆಯ ವೈರ್‌ಲೆಸ್ ಮೈಕ್ ಇದ್ದರೆ ಅದರ ಮೇಲಿನ ಫ್ರೀಕ್ವೆನ್ಸಿ ಓದಿ. ಅಮೆರಿಕದಲ್ಲಿ 698ರಿಂದ 806 ಮೆಗಾಹರ್ಟ್ಸ್‌ನ ವೈರ್‌ಲೆಸ್ ಮೈಕುಗಳನ್ನು 2010ರ ಜೂನ್ 12ರಿಂದ ಬಳಸುವಂತಿಲ್ಲ. 617ರಿಂದ 652 ಮತ್ತು 663ರಿಂದ 698 ಮೆಗಾಹರ್ಟ್ಸ್‌ನವುಗಳ ಬಳಕೆ 2020ರ ಜುಲೈ 13ಕ್ಕೆ ಮುಗಿಯಿತು.

ಡೈನಾಮಿಕ್ ಮೈಕ್ ಎಲ್ಲಕ್ಕೂ ಮದ್ದಲ್ಲ. ಹೋಮದ ಮುಂದೆ ಕುಳಿತು ಎರಡೂ ಕೈಯಲ್ಲಿ ಕೆಲಸ ಮಾಡುತ್ತಾ, ಆಗಾಗ ತಿರುಗುತ್ತಾ ಮಂತ್ರ ಹೇಳುವ ಅರ್ಚಕರಿಗೆ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಮೈಕೇ ಅನುಕೂಲ.

ಹಿರಿಯರೇ ಪರೀಕ್ಷಕರು

ಅಂಗಡಿಯಲ್ಲಿ "ಹಲೋ ಹಲೋ, ಒನ್ ಟೂ ಥ್ರೀ" ಎಂದರೆ ಏನೂ ತಿಳಿಯದು. ಹಿಂದಿರುಗಿಸಲು ಅವಕಾಶ ಕೊಡುವ ಅಂಗಡಿಯಿಂದ ಎರಡು ಮಾದರಿ ತಂದು ನಮ್ಮ ಸಭಾಂಗಣದಲ್ಲೇ ನೋಡಬೇಕು. ಒಂದೇ ವೈರ್, ಒಂದೇ ಚಾನೆಲ್, ಒಂದೇ ದೂರ ಇರಲಿ. ಎರಡರ ಸದ್ದೂ ಒಂದೇ ಮಟ್ಟಕ್ಕೆ ಬರುವಂತೆ ಗೇನ್ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಜೋರಾಗಿ ಕೇಳಿಸಿದ್ದೇ ಒಳ್ಳೆಯದೆಂದು ಕಿವಿ ಮೋಸ ಹೋಗುತ್ತದೆ.

ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಮಗು ಸರದಿಯಂತೆ ಮಾತುಗಳನ್ನು ಓದಲಿ: ಕಾಲು, ಹಾಲು, ಸಾಲು, ಪಾಲು, ಬಳೆ, ಮಳೆ, ಕಳೆ, ಬೆಳೆ. ಕ್ರಮವನ್ನು ಪ್ರತಿ ಸಲ ಬದಲಿಸಲಿ. ಕೊನೆಯ ಸಾಲಿನಲ್ಲಿ ಹಿರಿಯರನ್ನು ಕೂರಿಸಿ, ಅವರಿಗೆ ಕೇಳಿಸಿದ್ದನ್ನು ಕಾಗದದ ಮೇಲೆ ಬರೆಯಲು ಕೇಳಿಕೊಳ್ಳೋಣ. ಯಾವ ಮೈಕಿನಲ್ಲಿ ಹೆಚ್ಚು ಮಾತು ಸರಿಯಾಗಿ ಬರೆಯಲಾಯಿತೋ ಅದೇ ನಮ್ಮ ಮೈಕ್. ಶ್ರವಣ ಸಾಧನ ಹಾಕಿಕೊಂಡವರೂ ಈ ಪರೀಕ್ಷೆಗೆ ಬರಲಿ. ಅವರಿಗೆ ತಿಳಿದರೆ ಉಳಿದವರಿಗೆ ತಿಳಿದೇ ತಿಳಿಯುತ್ತದೆ.

ಹಾಡುವವರಿಗೆ ಕೆಲವು ಮಾತು

ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ತಲೆಯ ಹಿಂಬದಿಯ ರಂಧ್ರಗಳು ಮುಚ್ಚಿದರೆ ಅದರ ದಿಕ್ಕು ಕೆಟ್ಟು ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳಲು ಶುರುಮಾಡುತ್ತದೆ, ಕೂಡಲೇ ಕಿರುಚುತ್ತದೆ. ಹಿಡಿಯನ್ನು ಮಾತ್ರ ಹಿಡಿಯಿರಿ. ಊದಿ, ತಟ್ಟಿ ಪರೀಕ್ಷಿಸಬೇಡಿ. ಒಂದು ಸಾಲು ಹಾಡಿ ನೋಡಿ.

ಗುಂಪು ಭಜನೆಗೆ ಹತ್ತು ಮೈಕ್ ಬೇಡ. ಒಂದೇ ಗೇನಿನಲ್ಲಿ ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕಿರುಚದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಮುಂದಾಳು ಹಾಡುಗಾರರಿಗೆ ಒಂದು, ಹಿಂದೆ ಹೇಳುವವರಿಗೆ ಎರಡು ಸಾಕು. ಬಾಯಿಗೂ ಮೈಕಿಗೂ ಇರುವ ದೂರದ ಮೂರರಷ್ಟಾದರೂ ಅಂತರ ಒಂದು ಮೈಕಿಗೂ ಇನ್ನೊಂದಕ್ಕೂ ಇರಲಿ. ಹಾಡದವರ ಮೈಕನ್ನು ಮಿಕ್ಸರಿನಲ್ಲಿ ಇಳಿಸಿಡಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಮೈಕಿನ ಮುಂದಿಡದೆ ವೈರಿನಿಂದ ನೇರ ಮಿಕ್ಸರಿಗೆ ಕೊಡಿ.

ಕಡೆಯದಾಗಿ, ಮೈಕಿನಷ್ಟೇ ಮುಖ್ಯವಾದದ್ದು ಸ್ಟ್ಯಾಂಡ್. ಕುಳಿತು ಹಾಡುವವರಿಗೆ ಗಿಡ್ಡದು, ನಿಂತು ಹಾಡುವವರಿಗೆ ಉದ್ದದ್ದು, ಎರಡೂ ಬೇಕು. ಪ್ರತಿ ಮಗು ವೇದಿಕೆಗೆ ಬಂದಾಗಲೂ ಒಬ್ಬ ಸ್ವಯಂಸೇವಕ ಬಗ್ಗಿ ಮೈಕನ್ನು ಅದರ ಬಾಯಿಯ ಎತ್ತರಕ್ಕೆ ಇಳಿಸಿಕೊಡಲಿ. ಅದಕ್ಕೆ ಹಿಡಿಯುವುದು ಹತ್ತು ಸೆಕೆಂಡು. ಮೈಕಿಗಾಗಿ ಮಗು ತುದಿಗಾಲಲ್ಲಿ ನಿಲ್ಲಬಾರದು. ಮುಂದಿನ ಕಾರ್ಯಕ್ರಮದಲ್ಲಿ ಈ ಕೆಲಸಕ್ಕೆ ಯಾರು ಬರುತ್ತೀರಿ? ಮಿಕ್ಸರ್ ಮೇಜಿನ ಬಳಿ ಒಂದು ಕುರ್ಚಿ ಸದಾ ಖಾಲಿಯಿರುತ್ತದೆ.