ಕರಿ ಕೋಟಿನ ಅತ್ತೆ, ಕರಿ ಕೋಟಿನ ಸೊಸೆ

ಕರಿ ಕೋಟು ಅಂದ ಕೂಡಲೇ ನಮಗೆ ಏನು ನೆನಪಾಗುತ್ತದೆ? ಕೋರ್ಟು. ತಾರೀಖು. ಹೊಲದ ತಕರಾರು. ಹೋಗಿ ಬರುವ ಬಸ್ಸಿನ ಖರ್ಚು. ಆ ಕೋಟು ಹಾಕಿಕೊಳ್ಳುವವರು ಗಂಡಸರೇ ಎಂದು ಬಹಳ ದಿನ ಎಲ್ಲರೂ ತಿಳಿದಿದ್ದರು. ನಾವು ಈಗ ಒಂದೇ ಮನೆಯ ಇಬ್ಬರು ವಕೀಲರ ಕಥೆ ಓದೋಣ. ಇಬ್ಬರೂ ಹೆಣ್ಣುಮಕ್ಕಳು. ಒಬ್ಬರು ಅತ್ತೆ, ಒಬ್ಬರು ಸೊಸೆ.

ಅತ್ತೆಯ ಹೆಸರು ವಯೊಲೆಟ್ ಆಳ್ವ. 1908ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದರು. ಹದಿನಾರು ವರ್ಷಕ್ಕೇ ತಂದೆ ತಾಯಿ ಇಬ್ಬರೂ ಇಲ್ಲವಾದರು. ಒಡಹುಟ್ಟಿದವರು ಓದಿಸಿದರು. ಮುಂಬೈಯಲ್ಲಿ ಕಾನೂನು ಕಲಿತರು. 1937ರಲ್ಲಿ ನಮ್ಮ ಕರಾವಳಿಯ ಜೋಕಿಂ ಆಳ್ವರನ್ನು ಮದುವೆಯಾದರು. ಅವರೂ ವಕೀಲರು. ಗಂಡ ಹೆಂಡತಿ ಇಬ್ಬರೂ ಸ್ವಾತಂತ್ರ್ಯ ಚಳವಳಿಗೆ ಇಳಿದರು.

1943ರಲ್ಲಿ ಬ್ರಿಟಿಷ್ ಸರಕಾರ ವಯೊಲೆಟ್ ಅವರನ್ನು ಹಿಡಿಯಿತು. ಆಗ ಮಡಿಲಲ್ಲಿ ಐದು ತಿಂಗಳ ಕೂಸು. ಕೂಸನ್ನು ಎತ್ತಿಕೊಂಡೇ ಮುಂಬೈಯ ಆರ್ಥರ್ ರೋಡ್ ಜೈಲಿಗೆ ಹೋದರು. ಐದು ತಿಂಗಳ ಕೂಸು ಅಂದ್ರ ಏನು ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲೇ ರಾತ್ರಿ ನಿದ್ದೆ ಇರುವುದಿಲ್ಲ. ಅವರು ಜೈಲಿನಲ್ಲಿ ಸಾಕಿದರು.

ಮರುವರ್ಷ, 1944ರಲ್ಲಿ, ಹೈಕೋರ್ಟಿನ ಪೂರ್ಣ ಪೀಠದ ಮುಂದೆ ನಿಂತು ವಾದ ಮಾಡಿದರು. ಪೂರ್ಣ ಪೀಠ ಎಂದರೆ ಹಲವು ನ್ಯಾಯಾಧೀಶರು ಒಟ್ಟಿಗೆ ಕೂತು ಕೇಳುವುದು. ಭಾರತದಲ್ಲಿ ಹೀಗೆ ವಾದಿಸಿದ ಮೊದಲ ಹೆಣ್ಣುಮಗಳು ಇವರೇ.

1952ರಲ್ಲಿ ವಯೊಲೆಟ್ ರಾಜ್ಯಸಭೆಗೆ ಹೋದರು. ಗಂಡ ಲೋಕಸಭೆಗೆ ಹೋದರು. 1962ರಲ್ಲಿ ವಯೊಲೆಟ್ ರಾಜ್ಯಸಭೆಯ ಉಪಸಭಾಪತಿಯಾದರು. ಅವರು ಪೀಠದ ಮೇಲೆ ಕೂತಾಗ ದೊಡ್ಡ ದೊಡ್ಡ ಗಂಡಸರೂ ಮಾತಾಡಲು ಅವರ ಅಪ್ಪಣೆ ಕೇಳಬೇಕಿತ್ತು! 1969ರಲ್ಲಿ ತೀರಿಕೊಂಡರು.

ಈಗ ಸೊಸೆಯ ಮಾತು. ಮಾರ್ಗರೆಟ್ ಆಳ್ವ ಹುಟ್ಟಿದ್ದು 1942ರಲ್ಲಿ, ಮಂಗಳೂರಿನಲ್ಲಿ. ಬೆಂಗಳೂರಿನಲ್ಲಿ ಕಾನೂನು ಓದಿ ವಕೀಲರಾದರು. 1964ರಲ್ಲಿ ವಯೊಲೆಟ್ ಅವರ ಮಗ ನಿರಂಜನರನ್ನು ಮದುವೆಯಾದರು. ನಾಲ್ಕು ಮಕ್ಕಳ ತಾಯಿ. 1974ರಲ್ಲಿ, 32ನೇ ವಯಸ್ಸಿಗೆ, ರಾಜ್ಯಸಭೆಗೆ ಹೋದರು. ಮುಂದೆ ಕೇಂದ್ರದಲ್ಲಿ ಮಂತ್ರಿಯಾದರು.

ಅವರು ಮಾಡಿದ ಒಂದು ಕೆಲಸ ನಮ್ಮ ಊರ ತನಕ ಬಂದಿದೆ. ಅವರು ಮಹಿಳಾ ಇಲಾಖೆಯ ಮಂತ್ರಿಯಾಗಿದ್ದಾಗ, 1988ರಲ್ಲಿ, ಹೆಣ್ಣುಮಕ್ಕಳಿಗಾಗಿ ಒಂದು ರಾಷ್ಟ್ರೀಯ ಯೋಜನೆ ತಯಾರಾಯಿತು. ಪಂಚಾಯಿತಿಗಳಲ್ಲಿ ನೂರಕ್ಕೆ 30 ಸ್ಥಾನ ಹೆಣ್ಣುಮಕ್ಕಳಿಗೆ ಇರಲಿ ಎಂದು ಅದರಲ್ಲಿ ಬರೆದಿತ್ತು. ಕರ್ನಾಟಕ ಇದಕ್ಕೂ ಮೊದಲೇ, 1983ರ ಕಾನೂನಿನಲ್ಲಿ, ನೂರಕ್ಕೆ 25 ಸ್ಥಾನ ಕೊಟ್ಟಿತ್ತು. ಈ ಮಾತು ನಾವು ಹೆಮ್ಮೆಯಿಂದ ಹೇಳಬಹುದು. 1993ರಲ್ಲಿ ಸಂವಿಧಾನದ ತಿದ್ದುಪಡಿ ಜಾರಿಗೆ ಬಂತು. ಇಡೀ ದೇಶದಲ್ಲಿ ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ ಆಯಿತು. 2010ರಲ್ಲಿ ಕರ್ನಾಟಕದ ಪಂಚಾಯಿತಿಗಳಲ್ಲಿ ಅದು ಅರ್ಧ ಪಾಲಾಯಿತು.

ಗಜೇಂದ್ರಗಡದ ಸುತ್ತಲಿನ ಹಳ್ಳಿಗಳಲ್ಲಿ ಮಗ್ಗದ ಮನೆಯವಳು, ಕೂಲಿಯವಳು ಪಂಚಾಯಿತಿ ಕುರ್ಚಿಯ ಮೇಲೆ ಕೂಡುವುದು ಈ ಕಾನೂನಿನಿಂದ. ಆದರೆ ಕುರ್ಚಿ ಸಿಕ್ಕರೆ ಸಾಕೇ? ಎಷ್ಟೋ ಕಡೆ ಸಹಿ ಅವಳದು, ಮಾತು ಗಂಡನದು. “ನಿನಗೇನ್ ತಿಳಿತದ, ಇಲ್ಲಿ ಒತ್ತು” ಅಂತಾರ. ಓದಲು ಬಂದವಳು ಒತ್ತುವ ಮೊದಲು ಕಾಗದದಲ್ಲಿ ಏನಿದೆ ಎಂದು ನೋಡುತ್ತಾಳೆ. ಕಾಮಗಾರಿ ಯಾವುದು, ರೊಕ್ಕ ಎಷ್ಟು ಎಂದು ಕೇಳುತ್ತಾಳೆ.

ಮಾರ್ಗರೆಟ್ ಸೋತದ್ದೂ ಉಂಟು. 1999ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದರು, 2004ರಲ್ಲಿ ಸೋತರು. 2009ರಲ್ಲಿ ಉತ್ತರಾಖಂಡದ ರಾಜ್ಯಪಾಲರಾದರು. 2022ರಲ್ಲಿ, 80ನೇ ವಯಸ್ಸಿಗೆ, ಉಪರಾಷ್ಟ್ರಪತಿ ಚುನಾವಣೆಗೆ ನಿಂತರು. ಅಲ್ಲೂ ಸೋತರು.

ಓದಿ, ಉತ್ತರ ಬರೆಯಿರಿ:
ವಯೊಲೆಟ್ ಯಾರನ್ನು ಎತ್ತಿಕೊಂಡು ಜೈಲಿಗೆ ಹೋದರು?
ನಿಮ್ಮ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ? ಅವರ ಹೆಸರು ಬರೆಯಿರಿ.
ಸಭೆಯಲ್ಲಿ ಮಾತಾಡುವವರು ಯಾರು?